ಹಿಂಬದಿಯ ಮನೆಯ ಲೇಖಕಿ

ಆನ್ ಫ್ರಾಂಕ್ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಆದರೆ ಆ ಹೆಸರಿನೊಡನೆ ಮನಸ್ಸಿನಲ್ಲಿ ಮೂಡುವುದು ಕ್ರೌರ್ಯಕ್ಕೆ ಬಲಿಯಾದ ಮುಗ್ಧ ಬಾಲಿಕೆಯೊಬ್ಬಳ ಚಿತ್ರವೇ ಹೊರತು ಲೇಖಕಿಯೊಬ್ಬಳ ಚಿತ್ರವಲ್ಲ. ಆಮ್‌ಸ್ಟರ್‌ಡಾಮ್ ನಗರದ ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಡದಲ್ಲಿರುವ 263ನೆಯ ಸಂಖ್ಯೆಯ ಮನೆಯನ್ನು ನೋಡಿ ಬಂದ ಮೇಲೆ ಈ ಎರಡನೆಯ ಚಿತ್ರವೇ ನನ್ನಲ್ಲಿ ಬಲವಾಗಿ ನಿಂತಿದೆ.

ಆಕೆ ಹುಟ್ಟಿದುದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ, ಯೆಹೂದ್ಯರಿಗೆ ಇನ್ನು ಆ ನಾಡಿನಲ್ಲಿ ನೆಲೆಯಿಲ್ಲವೆಂಬುದನ್ನು ಕಂಡುಕೊಂಡ ತಂದೆ ಆಟೋ ಫ್ರಾಂಕ್ ಹಾಲೆಂಡಿಗೆ ಬಂದು, ಜ್ಯಾಮ್ ಮಾಡಲು ಬೇಕಾದ ಪೆಕ್ಟಿನ್ನಿನ ವ್ಯಾಪಾರವನ್ನು ಕೈಗೊಂಡರು. ಆದರೆ 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಅಲ್ಲಿಗೂ ನುಗ್ಗಿತು. ಉದ್ಯಾನ, ಚಿತ್ರಮಂದಿರ, ಶಾಲೆಗಳು ಒಂದೊಂದಾಗಿ ಯೆಹೂದ್ಯರಿಗೆ ನಿಷಿದ್ಧವಾದುವು; 1942ರಲ್ಲಿ ಹಳದಿಯ ನಕ್ಷತ್ರವನ್ನು ಬಟ್ಟೆಗೆ ಹೊಲಿದುಕೊಳ್ಳದೆ ಬೀದಿಗೆ ಬರುವಂತಿಲ್ಲವೆಂದಾಯಿತು. ಆ ವರ್ಷದ ಜುಲೈ 5ರಂದು ಅಕ್ಕ ಮಾರ್ಗೋಳಿಗೆ ಜರ್ಮನಿಯ ದುಡಿಮೆಯ ಶಿಬಿರಕ್ಕೆ ಹೊರಡಬೇಕೆಂದು ಆಜ್ಞೆ ಬಂದಿತು. ಮರುದಿನವೇ ಆ ಕುಟುಂಬ ತಂದೆಯ ಕಚೇರಿಯ ಹಿಂಬದಿಯ ಮನೆಯಲ್ಲಿ ಅಡಗಿತು. ಬಳಿಕ ವಾನ್ ಪೆಲ್ಸ್ ಕುಟುಂಬದ ಮೂವರೂ, ನವೆಂಬರಿನಲ್ಲಿ ದಂತವೈದ್ಯ ಫ್ರಿಟ್ಸ್ ಫೆಫರರೂ ಬಂದು ಸೇರಿದರು.

ಪುಸ್ತಕದ ಕಪಾಟೊಂದು ಬಾಗಿಲಾಗಿ ತೆರೆದುಕೊಳ್ಳುತ್ತದೆ. ಅದರಾಚೆ ನಮ್ಮ ಹಳೆಯ ಮನೆಗಳ ಅಟ್ಟದ ಏಣಿಯನ್ನು ನೆನಪಿಗೆ ತರುವ ಕಡಿದಾದ ಮೆಟ್ಟಿಲುಗಳು. ಎಂಟು ಜನ ಅಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಬಾಳಿದರು. ಹಗಲು ಕೆಳಗಿನ ಉಗ್ರಾಣದ ಆಳುಗಳಿಗೆ ಕೇಳಿಸೀತೆಂದು ಹೆಜ್ಜೆಯ ಸಪ್ಪಳವೂ ಆಗುವಂತಿರಲಿಲ್ಲ. ಕಚೇರಿಯ ಮೀಪ್ ಗೀಸ್, ಬೆಪ್ ವೋಸ್ಕೌಲ್, ಕ್ಲೈಮನ್, ಕುಗ್ಲರ್ ಮುಂತಾದವರು ತಮ್ಮ ಪ್ರಾಣವನ್ನು ಪಣಕ್ಕೊಡ್ಡಿ ಅನ್ನವನ್ನೂ ಪುಸ್ತಕಗಳನ್ನೂ ತಂದೊದಗಿಸುತ್ತಿದ್ದರು. ಆನ್ ಇದ್ದ ಇಕ್ಕಟ್ಟಾದ ಕೋಣೆಯಲ್ಲಿ ಫೆಫರರೂ ಇದ್ದರು. ಅಲ್ಲಿದ್ದ ಒಂದೇ ಬರೆಯುವ ಮೇಜಿಗಾಗಿ ಇಬ್ಬರಿಗೂ ಜಗಳವಾಗಿ, ವಾರಕ್ಕೆರಡು ಮಧ್ಯಾಹ್ನ ನಾಲ್ಕರಿಂದ ಐದೂವರೆಯವರೆಗೆ ತನಗೆ ಬಿಟ್ಟುಕೊಡಬೇಕೆಂದು ಆಕೆ ಹಟ ಹಿಡಿದಳು. ಕಡೆಗೆ ತಂದೆ ನಡುವೆ ಬಂದು ಅದನ್ನು ಕೊಡಿಸಬೇಕಾಯಿತು. ಹದಿನಾಲ್ಕರ ಹುಡುಗಿ ಮೇಜಿಗಾಗಿ ಹೂಡಿದ ಈ ಹೋರಾಟ ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

1944ರ ಮಾರ್ಚ್ 28ರಂದು ಲಂಡನ್ನಿನ ಡಚ್ ಬಾನುಲಿಯಲ್ಲಿ ಮಂತ್ರಿ ಬೋಲ್ಕೆಸ್ಟೈನ್, ಯುದ್ಧಕಾಲದ ದಿನಚರಿಗಳನ್ನೂ ಪತ್ರಗಳನ್ನೂ ಮುಂದೆ ಸಂಗ್ರಹಿಸಲಾಗುವುದೆಂದು ಹೇಳಿದರು. ಅದನ್ನು ಕೇಳಿದ ಆನ್ ಮೇ 20ರಂದು ತನ್ನ ದಿನಚರಿಯನ್ನು ಮೊದಲಿನಿಂದ ತಿದ್ದಿ ಬರೆಯತೊಡಗಿದಳು. ಎಪ್ಪತ್ತಾರು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಿಡಿ ಹಾಳೆಗಳು! ಬಾಲಿಶವೆನಿಸಿದುದನ್ನು ತೆಗೆದಳು, ಸಡಿಲವಾದುದನ್ನು ಬಿಗಿಗೊಳಿಸಿದಳು, ಹಲವು ಕಲ್ಪಿತ ಗೆಳತಿಯರಿಗೆ ಬರೆದುದನ್ನು ಕಿಟ್ಟಿ ಎಂಬೊಬ್ಬಳಿಗೇ ಮೀಸಲಿಟ್ಟಳು. ಮನೆಯವರಿಗೆಲ್ಲ ಬೇರೆ ಹೆಸರುಗಳನ್ನು ಗೊತ್ತುಮಾಡಿದಳು. ಫೆಫರರಿಗೆ ದೊರೆತ ಡುಸ್ಸೆಲ್ ಎಂಬ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಪೆದ್ದನೆಂದು ಅರ್ಥ. ಮೇಜಿನ ಜಗಳ ಮರೆತಿರಲಿಲ್ಲವೆಂದು ತೋರುತ್ತದೆ! ಪುಸ್ತಕಕ್ಕೆ ಆಕೆಯೇ ಇಟ್ಟ ಹೆಸರು 'ಹೆಟ್ ಆಖ್ಟರ್‌ಹೌಸ್', ಎಂದರೆ ಹಿಂಬದಿಯ ಮನೆ. ಕೃತಿಯೆಂಬ ಪ್ರಜ್ಞೆಯಿಲ್ಲದೆ ಯಾರೂ ಇಷ್ಟು ಮಾಡುವುದಿಲ್ಲ.

ತಿದ್ದುವಿಕೆ 1944ರ ಮಾರ್ಚಿನ ಬರೆಹದವರೆಗೆ ಬಂದಿತ್ತು. ಆಗಸ್ಟ್ 4ರಂದು ಪೋಲೀಸರು ಬಂದರು. ಒಡವೆಗಳನ್ನು ತುಂಬಿಕೊಳ್ಳಲು ಅವರ ಅಧಿಕಾರಿ ಕೈಚೀಲವೊಂದನ್ನು ನೆಲಕ್ಕೆ ಬರಿದುಮಾಡಿದನು. ಚೆಲ್ಲಿದುದು ಆಕೆಯ ಕಾಗದಗಳು. ಅವನ್ನು ಮೀಪ್ ಮತ್ತು ಬೆಪ್ ಆಯ್ದರು. ಮೀಪ್ ಓದದೆಯೇ ಬೀಗ ಹಾಕಿ ಇಟ್ಟರು. ಓದಿದ್ದರೆ, ಸಹಾಯಕರೆಲ್ಲರ ಹೆಸರಿದ್ದುದರಿಂದ, ಸುಡಬೇಕಾಗುತ್ತಿತ್ತೆಂದು ಮುಂದೆ ಅವರೇ ಹೇಳಿದುದುಂಟು.

ಸೆಪ್ಟೆಂಬರ್ 3ರಂದು ವೆಸ್ಟರ್‌ಬೊರ್ಕ್ ಶಿಬಿರದಿಂದ ಆಷ್‌ವಿಟ್ಸ್‌ಗೆ ಹೊರಟ ಕಡೆಯ ರೈಲಿನಲ್ಲಿ ಎಂಟು ಜನರೂ ಇದ್ದರು. ತಾಯಿ ಎಡಿತ್ 1945ರ ಜನವರಿಯಲ್ಲಿ ಆಷ್‌ವಿಟ್ಸ್‌ನಲ್ಲಿಯೇ ತೀರಿಕೊಂಡರು. ಅಕ್ಕ ತಂಗಿಯರನ್ನು ಅದಕ್ಕೆ ಮುಂಚೆಯೇ ಬೆರ್ಗೆನ್-ಬೆಲ್ಸನ್ನಿಗೆ ಸಾಗಿಸಿದ್ದರು. ಅವರ ಸಾವು ಬಹುಶಃ ಫೆಬ್ರವರಿಯಲ್ಲಿ. ಏಪ್ರಿಲ್ 15ರಂದು ಆ ಶಿಬಿರ ವಿಮುಕ್ತವಾಯಿತು. ಎಂಟು ಜನರಲ್ಲಿ ಮರಳಿದವರು ಆಟೋ ಒಬ್ಬರೇ.

ಮಕ್ಕಳ ಮರಣವಾರ್ತೆ ಬಂದ ಮೇಲೆ ಮೀಪ್ ಆ ಕಾಗದಗಳನ್ನು ತಂದೆಯ ಕೈಗಿತ್ತರು. ಅವರು ಮೂಲ ದಿನಚರಿಯನ್ನೂ ತಿದ್ದಿದ ಪಾಠವನ್ನೂ ಕೂಡಿಸಿ, ಕೆಲವನ್ನು ಕೈಬಿಟ್ಟು, 1947ರಲ್ಲಿ ಅಚ್ಚು ಹಾಕಿಸಿದರು. ಲೋಕ ಬಹುಕಾಲ ಓದಿದುದು ಈ ಮಿಶ್ರಪಾಠವನ್ನೇ. ಎಲ್ಲ ಪಾಠಗಳನ್ನೂ ಒಟ್ಟಿಗೆ ನೋಡಲು 1986ರ ವಿಮರ್ಶಾತ್ಮಕ ಆವೃತ್ತಿಯವರೆಗೆ ಕಾಯಬೇಕಾಯಿತು. ಮೂಲದಲ್ಲಿ ಸುಮಾರು ಒಂದು ವರ್ಷದ ಭಾಗ ಇಂದಿಗೂ ದೊರೆತಿಲ್ಲ. ಆ ಅವಧಿಗೆ ಆಕೆ ತಿದ್ದಿ ಬರೆದ ಹಾಳೆಗಳೇ ಗತಿ. ಓಲೆಗರಿಯ ಪಾಠಾಂತರಗಳೊಡನೆ ಹೆಣಗುವ ನಮ್ಮಂಥವರಿಗೆ ಇದು ಪರಿಚಿತವಾದ ಸಂಕಟವೇ.

1960ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ಬಂಧನದ ಬಳಿಕ ಸಾಮಾನುಗಳನ್ನೆಲ್ಲ ಹೊತ್ತೊಯ್ದಿದ್ದರು. ಕೋಣೆಗಳು ಹಾಗೆಯೇ ಬರಿದಾಗಿರಲೆಂಬುದು ಆಟೋ ಅವರ ಇಚ್ಛೆಯಾಗಿತ್ತು. ಗೋಡೆಯ ಮೇಲೆ ಮಕ್ಕಳ ಎತ್ತರವನ್ನು ಗುರುತಿಸಿದ ಪೆನ್ಸಿಲಿನ ಗೆರೆಗಳಿವೆ, ಆಕೆ ಅಂಟಿಸಿದ ಚಿತ್ರತಾರೆಯರ ಪಟಗಳಿವೆ. ಮೇಜು ಮಾತ್ರ ಇಲ್ಲ.