ಸೀನಿನ ಮಾತ್ರೆಯ ಹಿಂದಿನ ಬೊವೆ

ನಮ್ಮ ಹಾಸ್ಟೆಲಲ್ಲಿ ವರ್ಷವಿಡೀ ಮೂಗು ಸೋರುವವರ ಒಂದು ಗ್ಯಾಂಗೇ ಇದೆ. ಮಳೆ, ಚಳಿ, ಬೇಸಿಗೆ ಅಂತಿಲ್ಲ. ಬೆಡ್‌ಶೀಟ್ ಕೊಡವಿದ್ರೆ ಸಾಕು, ಸಾಲಾಗಿ ಹತ್ತು ಸೀನು. ಎಲ್ಲರ ಬ್ಯಾಗಲ್ಲೂ ಸೆಟ್ರಿಜಿನ್. ಆ ಮಾತ್ರೆಯ ವಂಶವೃಕ್ಷ ಹುಡುಕುತ್ತಾ ಹೋದರೆ ನಾವು ತಲುಪುವುದು ಡೇನಿಯಲ್ ಬೊವೆ ಹತ್ರ.

ಬೊವೆ ಹುಟ್ಟಿದ್ದು 1907ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಅಪ್ಪ ಶಿಕ್ಷಣ ತಜ್ಞ, ಜೊತೆಗೆ ಎಸ್ಪೆರಾಂಟೊ ಅಭಿಮಾನಿ. ಹಾಗಾಗಿ ಯಾರೋ ಕೂತು ಕಟ್ಟಿದ ಆ ಭಾಷೆ ಈ ಹುಡುಗನಿಗೆ ಮನೆಮಾತಾಗಿತ್ತು! (ಇಂಗ್ಲಿಷ್ ಮೀಡಿಯಂನ ನಮಗೆ ಕನ್ನಡ ಬರೆಯೋಕೇ ಇಷ್ಟು ಕಷ್ಟ.) ಜಿನೀವಾದಲ್ಲಿ ಡಾಕ್ಟರೇಟ್ ಮುಗಿಸಿ 1929ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಸೇರಿದರು.

ಅಲರ್ಜಿಯಾದಾಗ ದೇಹದಲ್ಲಿ ಹಿಸ್ಟಮಿನ್ ಬಿಡುಗಡೆಯಾಗುತ್ತೆ. ಮೂಗು ತುರಿಸೋದು, ಸೀನು, ಸೋರೋದು ಬಹುತೇಕ ಅದರದ್ದೇ ಕೆಲಸ. ಅಡ್ರಿನಾಲಿನ್ ತಡೆಯೋಕೆ ಮದ್ದಿತ್ತು, ಅಸಿಟೈಲ್‌ಕೋಲಿನ್ ತಡೆಯೋಕೆ ಅಟ್ರೊಪಿನ್ ಇತ್ತು. ಹಿಸ್ಟಮಿನ್‌ಗೆ ಮಾತ್ರ ಏನೂ ಇರಲಿಲ್ಲ. ಈ ಖಾಲಿ ಜಾಗ ಬೊವೆ ಕಣ್ಣಿಗೆ ಬಿತ್ತು. 1937ರಲ್ಲಿ ಅವರೂ ಆನ್-ಮರಿ ಸ್ಟೌಬ್ ಎಂಬ ಯುವತಿಯೂ ಸೇರಿ ಗಿನಿಪಿಗ್‌ಗಳಿಗೆ ಸಾಯುವಷ್ಟು ಹಿಸ್ಟಮಿನ್ ಕೊಟ್ಟು ನೋಡಿದರು. 929 ಎಫ್ ಎಂಬ ರಾಸಾಯನಿಕ ಅವುಗಳನ್ನು ಉಳಿಸಿತು. ಎಫ್ ಅಂದ್ರೆ ಲ್ಯಾಬ್ ಮುಖ್ಯಸ್ಥ ಫೂರ್ನೋ. ನಮಗಂತೂ ವರ್ಷನ್ ನಂಬರ್ ಥರಾನೇ ಕಾಣಿಸ್ತು.

ಆದರೆ ಈ ವರ್ಷನ್ ರಿಲೀಸ್ ಆಗಲಿಲ್ಲ. ಮನುಷ್ಯರಿಗೆ ಕೊಡಲಾಗದಷ್ಟು ವಿಷ ಅದರಲ್ಲಿತ್ತು. 1942ರಲ್ಲಿ ಬರ್ನಾರ್ಡ್ ಹಾಲ್ಪರ್ನ್ ಅದೇ ದಾರಿಯಲ್ಲಿ ಮುಂದೆ ಹೋಗಿ ರೋಗಿಗಳಿಗೆ ಕೊಡಬಹುದಾದ ಆಂಟರ್ಗಾನ್ ತಂದರು. ಬೊವೆಯೂ ಬಿಡಲಿಲ್ಲ, 1944ರಲ್ಲಿ, ಯುದ್ಧದ ನಡುವೆ, ಅವರ ತಂಡದ ಮೆಪಿರಮಿನ್ ಬಂತು.

1938ರಲ್ಲಿ ಅವರು ಫಿಲೊಮೆನಾ ನಿಟ್ಟಿಯನ್ನು ಮದುವೆಯಾಗಿದ್ದರು. ಆಕೆ ಇಟಲಿಯ ಮಾಜಿ ಪ್ರಧಾನಿಯ ಮಗಳು, ಸ್ವತಃ ವಿಜ್ಞಾನಿ. 1947ರಲ್ಲಿ ಇಬ್ಬರೂ ರೋಮ್‌ಗೆ ಹೋದರು. ಅಲ್ಲಿ ಆಪರೇಷನ್ ವೇಳೆ ಸ್ನಾಯು ಸಡಿಲಿಸುವ ಔಷಧಗಳ ಮೇಲೆ ಕೆಲಸ. 1957ರಲ್ಲಿ ನೊಬೆಲ್ ಬಂತು, ಬೊವೆ ಒಬ್ಬರಿಗೇ. ಫಿಲೊಮೆನಾ, ಸ್ಟೌಬ್ ಹೆಸರು ಅದರಲ್ಲಿಲ್ಲ. ಇದು ನಮಗೆ ಸರಿ ಕಾಣಲ್ಲ.

ಆ ಹಳೆ ಮಾತ್ರೆಗಳಲ್ಲಿ ಒಂದು ತೊಂದರೆ ಉಳಿದಿತ್ತು. ಮಿದುಳಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುತ್ತೆ. ಮಾತ್ರೆ ಅಲ್ಲಿಗೂ ನುಗ್ಗಿ ಅದನ್ನೂ ತಡೆದ್ರೆ ತೂಕಡಿಕೆ ಗ್ಯಾರಂಟಿ. ಸೆಟ್ರಿಜಿನ್ ಮಿದುಳಿಗೆ ಹೋಗೋದು ಕಡಿಮೆ, ಆದರೂ ಕೆಲವರಿಗೆ ಫಸ್ಟ್ ಅವರ್‌ನಲ್ಲೇ ನಿದ್ದೆ. ಕಟ್ಟಿದ ಮೂಗನ್ನು ಬಿಡಿಸುವುದರಲ್ಲೂ ಈ ಮಾತ್ರೆಗಳು ಅಷ್ಟಕ್ಕಷ್ಟೆ. ಅದಕ್ಕೇ ವರ್ಷವಿಡೀ ನರಳುವವರಿಗೆ ಡಾಕ್ಟರು ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬರೆಯೋದು. ಅದು ಒಳಗಿನ ಊತವನ್ನೇ ಇಳಿಸುತ್ತೆ, ಆದರೆ ದಿನಾ ಹಾಕಬೇಕು, ಪೂರ್ತಿ ಗುಣ ಕಾಣೋಕೆ ಕೆಲವು ದಿನ ಬೇಕು. ನಮ್ಮ ಗ್ಯಾಂಗ್‌ನವರು ಎರಡೇ ದಿನಕ್ಕೆ ಬಿಟ್ಟು, ಸ್ಪ್ರೇ ವೇಸ್ಟ್ ಅಂತಾರೆ.

ಬೊವೆ 1992ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ತೀರಿಕೊಂಡರು. ಅವರ ಮೆಪಿರಮಿನ್ ಇವತ್ತಿಗೂ ಕೆಲವು ದೇಶಗಳ ಔಷಧಿ ಅಂಗಡಿಗಳಲ್ಲಿ ಸಿಗುತ್ತೆ.