ಪತಿತರಿಗೆ ಬಾಗಿಲು ತೆರೆದ ಜೆರಿ ಮೆಕಾಲಿ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಮೊದಲು ಅವರ ಮನೆತನದ ಹಿರಿಮೆಯನ್ನೂ ಬಾಲ್ಯದ ಸದ್ಗುಣಗಳನ್ನೂ ವಿದ್ಯಾಸಂಪತ್ತಿಯನ್ನೂ ವರ್ಣಿಸುವುದು ವಾಡಿಕೆಯಾಗಿದೆ. ನಾವು ಇಲ್ಲಿ ಸದ್ಭಕ್ತರ ಮುಂದೆ ಇಡಲಿರುವ ಚರಿತ್ರೆಯ ಪುರುಷನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಆತನು ಕಳ್ಳನಾಗಿದ್ದನು, ಕುಡುಕನಾಗಿದ್ದನು, ಏಳು ವರ್ಷ ಸೆರೆಮನೆಯಲ್ಲಿ ಕಳೆದವನಾಗಿದ್ದನು. ಸತ್ಪಥವನ್ನು ಹಿಡಿದ ಮೇಲೆಯೂ ಒಂದು ಸಲವಲ್ಲ, ಹಲವು ಸಲ ಜಾರಿ ಬಿದ್ದವನಾಗಿದ್ದನು. ಆದರೂ ಮನೆಮಠಗಳಿಲ್ಲದೆ, ಮದ್ಯದ ಚಟಕ್ಕೆ ಸಿಕ್ಕಿ ಬೀದಿಪಾಲಾದವರಿಗೆ ಭಗವದ್ಭಕ್ತಿಯ ನೆರಳಿನಲ್ಲಿ ಅನ್ನವನ್ನೂ ಇಂಬನ್ನೂ ಕೊಟ್ಟು ಮೇಲೆತ್ತುವ ಆಶ್ರಮಗಳಿಗೆ ಅಮೇರಿಕ ದೇಶದಲ್ಲಿ ದಾರಿ ಹಾಕಿಕೊಟ್ಟವನು ಆತನೇ. ಜೆರಿ ಮೆಕಾಲಿ ಎಂಬುದು ಆತನ ಹೆಸರು. ಆತನ ಮತ ಬೇರೆ, ನಾಡು ಬೇರೆ, ನುಡಿ ಬೇರೆ. ಆದರೆ ಬಿದ್ದವನನ್ನು ಎತ್ತುವ ಕೆಲಸಕ್ಕೆ ಮತದ ಗಡಿಯಾಗಲಿ ನಾಡಿನ ಗಡಿಯಾಗಲಿ ಇಲ್ಲದಿರುವುದರಿಂದ, ಆ ಚರಿತ್ರೆಯು ನಮ್ಮ ವಾಚಕರ ಮನನಕ್ಕೆ ಯೋಗ್ಯವಾದುದೆಂದು ಭಾವಿಸುತ್ತೇವೆ.

ಮೆಕಾಲಿಯು 1839ನೆಯ ಇಸವಿಯ ಸುಮಾರಿಗೆ ಐರ್ಲೆಂಡ್ ದೇಶದಲ್ಲಿ ಹುಟ್ಟಿದನು. ತಂದೆಯು ಖೋಟಾ ನಾಣ್ಯದ ವ್ಯವಹಾರದಲ್ಲಿ ತೊಡಗಿ, ಕಾನೂನಿನ ಭಯದಿಂದ ಮನೆಯನ್ನು ಬಿಟ್ಟು ಓಡಿಹೋದನು. ಹುಡುಗನು ಅಜ್ಜಿಯ ಬಳಿಯಲ್ಲಿ ಬೆಳೆದನು. ಓದು ಬರಹಗಳ ಗಂಧವೂ ಆತನಿಗೆ ತಾಗಲಿಲ್ಲ. ತುಂಟತನವು ಮಿತಿಮೀರಿದಾಗ, ಹದಿಮೂರನೆಯ ವಯಸ್ಸಿನಲ್ಲಿ, ಬಂಧುಗಳು ಆತನನ್ನು ನ್ಯೂಯಾರ್ಕಿನಲ್ಲಿದ್ದ ಅಕ್ಕನ ಮನೆಗೆ ಕಳುಹಿಸಿಬಿಟ್ಟರು. ಅಲ್ಲಿಯೂ ಆತನು ಬಹುಕಾಲ ನಿಲ್ಲಲಿಲ್ಲ. ಆ ನಗರದ ಪೂರ್ವನದಿಯ ದಡದಲ್ಲಿರುವ ವಾಟರ್ ಸ್ಟ್ರೀಟ್ ಎಂಬ ಬೀದಿಯು ಆ ಕಾಲದಲ್ಲಿ ಹೆಂಡದಂಗಡಿಗಳಿಗೂ ಕುಣಿತದ ಮನೆಗಳಿಗೂ ನಾವಿಕರನ್ನು ಸುಲಿಯುವವರಿಗೂ ಹೆಸರುವಾಸಿಯಾಗಿದ್ದಿತು. ಹುಡುಗನು ಆ ಬೀದಿಯ ಪುಂಡರ ಸಂಗಕ್ಕೆ ಬಿದ್ದು, ರಾತ್ರಿಯ ಹೊತ್ತು ದೋಣಿಯಲ್ಲಿ ಹೋಗಿ, ಲಂಗರು ಹಾಕಿ ನಿಂತ ಹಡಗುಗಳಿಂದ ಸರಕನ್ನು ಕದಿಯುವ ವೃತ್ತಿಯನ್ನು ಹಿಡಿದನು. ಕದ್ದುದನ್ನು ಮಾರುವುದು, ಬಂದ ಹಣವನ್ನು ಕುಡಿಯುವುದು, ಇಷ್ಟೇ ಆತನ ದಿನಚರಿಯಾಯಿತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ದರೋಡೆಯ ಆರೋಪವೊಂದರ ಮೇಲೆ ಆತನಿಗೆ ಹದಿನೈದು ವರ್ಷಗಳ ಶಿಕ್ಷೆಯಾಯಿತು. ಆ ಒಂದು ಅಪರಾಧವನ್ನು ತಾನು ಮಾಡಿರಲಿಲ್ಲವೆಂದು ಆತನು ಮುಂದೆ ಹೇಳಿಕೊಂಡನು. ಆದರೆ ಬೇರೆ ಎಷ್ಟೋ ಕಳವುಗಳನ್ನು ಮಾಡಿದ್ದೆನೆಂಬುದನ್ನು ಎಂದೂ ಮುಚ್ಚಿಡಲಿಲ್ಲ. 1857ರಲ್ಲಿ ಆತನು ಹಡ್ಸನ್ ನದಿಯ ತೀರದ ಸಿಂಗ್ ಸಿಂಗ್ ಸೆರೆಮನೆಯನ್ನು ಸೇರಿದನು. ಅಲ್ಲಿ ಜಮಖಾನೆ ನೇಯುವ ಕೆಲಸವನ್ನೂ ಅಕ್ಷರಗಳನ್ನೂ ಕಲಿತನು. ಒಂದು ಭಾನುವಾರ ಸೆರೆಮನೆಯ ಪ್ರಾರ್ಥನಾಮಂದಿರದಲ್ಲಿ ಉಪದೇಶಕ್ಕೆಂದು ಎದ್ದುನಿಂತವನನ್ನು ನೋಡಿ ಮೆಕಾಲಿಯು ಬೆರಗಾದನು. ಆತನು ಆರ್ವಿಲ್ ಗಾರ್ಡ್ನರ್. ಮುಷ್ಟಿಯುದ್ಧದ ಜಟ್ಟಿಯಾಗಿ ಹೆಸರಾಗಿದ್ದವನು, ಮೆಕಾಲಿಯ ಪೂರ್ವಪರಿಚಿತನು, ತಾನೂ ಕೆಟ್ಟು ಬಾಳಿದವನು. ಆತನು ಕಣ್ಣೀರಿಡುತ್ತ ತನ್ನ ಬಾಳು ತಿರುಗಿದ ಬಗೆಯನ್ನು ಹೇಳಿದನು. ಪಂಡಿತರ ಉಪದೇಶಗಳು ಅಲ್ಲಾಡಿಸದ ಆ ಮನಸ್ಸನ್ನು ತನ್ನಂತೆಯೇ ಬಿದ್ದೆದ್ದವನೊಬ್ಬನ ಮಾತು ಅಲ್ಲಾಡಿಸಿತು. ಮೆಕಾಲಿಯು ತನ್ನ ಕೋಣೆಯಲ್ಲಿದ್ದ ಬೈಬಲ್ಲನ್ನು ಹುಡುಕಿ ತೆಗೆದು ಓದತೊಡಗಿದನು. ಕೆಲವು ಕಾಲದ ನಂತರ ಒಂದು ರಾತ್ರಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂಬ ಶಾಂತಿಯು ಆತನ ಅಂತಃಕರಣದಲ್ಲಿ ನೆಲೆಗೊಂಡಿತು. 1864ರ ಮಾರ್ಚ್ ತಿಂಗಳಲ್ಲಿ ಕ್ಷಮಾದಾನವನ್ನು ಪಡೆದು ಆತನು ಬಿಡುಗಡೆಯಾದನು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಕೇಳುವುದಕ್ಕೆ ಇಂಪಾಗಿರುತ್ತಿದ್ದಿತು. ಆದರೆ ಆತನ ಬಾಳಿನಿಂದ ನಾವು ಕಲಿಯಬೇಕಾದುದು ಇಲ್ಲಿಂದಲೇ ಮೊದಲಾಗುತ್ತದೆ. ಸೆರೆಮನೆಯ ಬಾಗಿಲನ್ನು ದಾಟಿ ಹೊರಬಂದ ಆ ಯುವಕನಿಗೆ ನಿಲ್ಲಲು ಮನೆಯಿರಲಿಲ್ಲ, ಮಾಡಲು ಕೆಲಸವಿರಲಿಲ್ಲ, ಸಜ್ಜನರಲ್ಲಿ ಒಬ್ಬನ ಗುರುತೂ ಇರಲಿಲ್ಲ. ಇಳಿದುಕೊಂಡ ವಸತಿಗೃಹದಲ್ಲಿ ಮದ್ಯವು ಕೈಗೆಟುಕುವಂತಿದ್ದಿತು. ಹಳೆಯ ಗೆಳೆಯರು ಬಳಿಯಲ್ಲೇ ಇದ್ದರು. ಕೆಲವು ದಿನಗಳಲ್ಲಿಯೇ ಆತನು ಮರಳಿ ಕುಡಿದನು, ಮರಳಿ ನದಿಯ ಕಳವಿಗೆ ಇಳಿದನು. ಒಮ್ಮೆ ಮತ್ತಿನಲ್ಲಿ ದೋಣಿಯಿಂದ ನೀರಿಗೆ ಬಿದ್ದು ಸಾವಿನ ಬಾಯಿಯಿಂದ ಪಾರಾಗಿ ಬಂದನು. ದೇವರ ಮೇಲಿನ ನಂಬಿಕೆಯು ಸೆರೆಮನೆಯಲ್ಲಿ ಹುಟ್ಟಿದ್ದು ನಿಜ. ಆದರೆ ಎಳೆಯ ಸಸಿಗೆ ಬೇಲಿ ಬೇಕಾಗುವಂತೆ, ಆ ನಂಬಿಕೆಗೆ ಮನೆಯೂ ಅನ್ನವೂ ಸತ್ಸಂಗವೂ ಬೇಕಾಗಿದ್ದವು.

ಈ ಅವಸ್ಥೆಯಲ್ಲಿರುವಾಗ ಬಡವರ ಬೀದಿಗಳಲ್ಲಿ ಧರ್ಮಪ್ರಚಾರ ಮಾಡುತ್ತಿದ್ದ ಹೆನ್ರಿ ಲಿಟ್ಲ್ ಎಂಬವನು ಆತನಿಗೆ ದೊರೆತನು. ಆತನ ಪ್ರೇರಣೆಯಿಂದ ಮೆಕಾಲಿಯು ಮದ್ಯತ್ಯಾಗದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದನು. ಆದರೆ ಹೊಟ್ಟೆಗಿಲ್ಲದಿರುವಾಗ ಕದಿಯದೆ ಬೇರೆ ಗತಿಯಿಲ್ಲವೆಂದು ಮರೆಮಾಚದೆ ಹೇಳಿಬಿಟ್ಟನು. ಆಗ ಆ ಪ್ರಚಾರಕನು ನೀತಿಯನ್ನು ಬೋಧಿಸಲಿಲ್ಲ. ನೀನು ಕದಿಯುವುದಕ್ಕಿಂತ ನಾನು ಮೈಮೇಲಿನ ಕೋಟನ್ನೇ ಒತ್ತೆಯಿಟ್ಟು ನಿನಗೆ ಊಟ ತರುವೆನೆಂಬ ಭಾವವನ್ನು ತಿಳಿಸಿದನು. ಆ ಕೋಟು ಹಳೆಯದೂ ಸವೆದುದೂ ಆಗಿರುವುದನ್ನು ಮೆಕಾಲಿಯು ಕಂಡನು. ತನಗೇ ಇಲ್ಲದವನು ತನಗಾಗಿ ಕೊಡಲು ಸಿದ್ಧನಾಗಿರುವನಲ್ಲಾ ಎಂಬ ಭಾವನೆಯು ಆ ಕಲ್ಲೆದೆಯನ್ನು ಕರಗಿಸಿತು. ಉಪದೇಶಕ್ಕಿಂತ ಮೊದಲು ಅನ್ನ ಎಂಬ ತತ್ತ್ವವು ಮುಂದೆ ಆತನ ಆಶ್ರಮದ ಅಸ್ತಿಭಾರವಾದುದು ಈ ಸವೆದ ಕೋಟಿನಿಂದಲೇ ಎಂದರೆ ತಪ್ಪಾಗಲಾರದು.

ಆ ಬಳಿಕವೂ ಆತನು ಎಡವಿದನು, ಮತ್ತೆ ಎದ್ದನು. ಪ್ರತಿ ಸಲವೂ ಕೈಹಿಡಿದು ಎತ್ತುವವರು ಯಾರಾದರೊಬ್ಬರು ಇದ್ದುದರಿಂದ ಪತನಗಳ ನಡುವಣ ಅಂತರವು ಹೆಚ್ಚುತ್ತ ಹೋಯಿತು. ಕಡೆಗೆ ತಂಬಾಕನ್ನೂ ಬಿಟ್ಟ ಮೇಲೆ ಆತನು ಗಟ್ಟಿಯಾಗಿ ನಿಂತನು. ಕುಡಿತದ ದಿನಗಳಿಂದಲೂ ಆತನ ಜೊತೆಗಾತಿಯಾಗಿದ್ದ ಮರಿಯಾ ಎಂಬಾಕೆಯೂ ಅದೇ ದಾರಿಯನ್ನು ಹಿಡಿದು, ಕೆಲಕಾಲ ಬೇರೆಯಾಗಿದ್ದು ತನ್ನ ನಡತೆಯನ್ನು ತಿದ್ದಿಕೊಂಡು, ಆಮೇಲೆ ಆತನ ಧರ್ಮಪತ್ನಿಯಾದಳು. ಮುಂದಿನ ಸೇವೆಯಲ್ಲೆಲ್ಲ ಆಕೆಯು ಆತನ ಬಲಗೈಯಾಗಿದ್ದಳು.

ಒಮ್ಮೆ ಕೆಲಸದಲ್ಲಿರುವಾಗ ಮೆಕಾಲಿಗೆ ಒಂದು ದರ್ಶನವಾಯಿತಂತೆ. ತಾನು ಬಾಳನ್ನು ಕೆಡಿಸಿಕೊಂಡ ಅದೇ ಬೀದಿಯಲ್ಲಿ ಒಂದು ಮನೆಯಿದೆ; ಬಂದವರ ಮೈಯನ್ನು ನೀರಿನಿಂದಲೂ ಮನಸ್ಸನ್ನು ಭಕ್ತಿಯಿಂದಲೂ ತೊಳೆಯಲಾಗುತ್ತಿದೆ. ಈ ಕನಸನ್ನು ಆತನು ಕೈಬಿಡಲಿಲ್ಲ. ಹಾಚ್ ಎಂಬ ಧನಿಕನು ವಾಟರ್ ಸ್ಟ್ರೀಟಿನ 316ನೆಯ ನಂಬರಿನ ಮನೆಯನ್ನು ಈ ಕಾರ್ಯಕ್ಕೆ ಬಿಟ್ಟುಕೊಟ್ಟನು. ಅದು ಹಿಂದೆ ಕುಣಿತದ ಮನೆಯಾಗಿದ್ದಿತು. 1872ರ ಅಕ್ಟೋಬರ್ ತಿಂಗಳಲ್ಲಿ ಮೆಕಾಲಿ ದಂಪತಿಗಳು ಅಲ್ಲಿ ಆಶ್ರಮವನ್ನು ತೆರೆದರು. ಗಂಡಸರಿಗೆ ನೆರವಿನ ಕೈ ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟರು. ಮನೆಯಿಲ್ಲದ ಮದ್ಯವ್ಯಸನಿಗಳ ಉದ್ಧಾರಕ್ಕೆಂದೇ ಅಮೇರಿಕದಲ್ಲಿ ಏರ್ಪಟ್ಟ ಇಂಥ ಆಶ್ರಮಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ. 1876ರಲ್ಲಿ ಅದೇ ಸ್ಥಳದಲ್ಲಿ ಹೊಸ ಕಟ್ಟಡವು ಎದ್ದಿತು.

ಅಲ್ಲಿಯ ಕ್ರಮವು ಅತ್ಯಂತ ಸರಳವಾಗಿದ್ದಿತು. ರಾತ್ರಿ ರಾತ್ರಿಯೂ ಸಭೆ ಸೇರುತ್ತಿದ್ದಿತು. ಚಿಂದಿಯುಟ್ಟವನಿಗೂ ಕುಡಿದು ತೂರಾಡುವವನಿಗೂ ನಿನ್ನೆ ತಾನೆ ಸೆರೆಯಿಂದ ಬಂದವನಿಗೂ ಬಾಗಿಲು ತೆರೆದೇ ಇರುತ್ತಿದ್ದಿತು. ನಮ್ಮ ಮಠಗಳಲ್ಲಿ ಅನ್ನದ ಪಂಕ್ತಿಗೆ ಕುಳಿತವನ ಪೂರ್ವವೃತ್ತಾಂತವನ್ನು ಹೇಗೆ ಕೇಳುವುದಿಲ್ಲವೋ ಹಾಗೆಯೇ ಅಲ್ಲಿಯೂ ಯಾರನ್ನೂ ವಿಚಾರಣೆಗೆ ಗುರಿಪಡಿಸುತ್ತಿರಲಿಲ್ಲ. ಒಂದೆರಡು ಹಾಡು, ಧರ್ಮಗ್ರಂಥದ ಒಂದು ಭಾಗದ ಪಠನ, ಬಳಿಕ ವ್ಯಸನದಿಂದ ಬಿಡುಗಡೆ ಹೊಂದಿದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವವನ್ನು ಹೇಳುವುದು. ಈ ಮಾತುಗಳು ಚಿಕ್ಕವಾಗಿರಬೇಕೆಂಬುದು ಮೆಕಾಲಿಯ ಕಟ್ಟುನಿಟ್ಟು. ಉದ್ದನೆಯ ಭಾಷಣವೂ ಉದ್ದನೆಯ ಪ್ರಾರ್ಥನೆಯೂ ಆತನಿಗೆ ಸೇರುತ್ತಿರಲಿಲ್ಲ. ಕೊನೆಯಲ್ಲಿ ಬದಲಾಗಬೇಕೆಂಬ ಮನಸ್ಸುಳ್ಳವರು ಮುಂದೆ ಬಂದು ಮೊಣಕಾಲೂರುತ್ತಿದ್ದರು. ಹಸಿದವರಿಗೆ ಊಟವೂ ಮಲಗಲು ಜಾಗವೂ ಕೈಲಾದ ಮಟ್ಟಿಗೆ ಕೆಲಸವೂ ದೊರೆಯುತ್ತಿದ್ದವು. ಇಂದು ಬಿಡಿಸಿಕೊಂಡವನೇ ನಾಳೆ ಬರುವವನಿಗೆ ಗುರುವಾಗುತ್ತಿದ್ದನು. ಸಿಂಗ್ ಸಿಂಗಿನಲ್ಲಿ ಗಾರ್ಡ್ನರನಿಂದ ತನಗೆ ಆದ ಉಪಕಾರವನ್ನೇ ಮೆಕಾಲಿಯು ಹೀಗೆ ಒಂದು ಪದ್ಧತಿಯನ್ನಾಗಿ ಮಾಡಿದನು.

ಬಂದವರೆಲ್ಲರೂ ಉದ್ಧಾರವಾದರೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ರೊಟ್ಟಿಯ ಆಸೆಗೆ ಭಕ್ತಿಯನ್ನು ನಟಿಸಿದವರಿದ್ದರು. ಕಣ್ಣೀರಿಟ್ಟು ಪ್ರತಿಜ್ಞೆ ಮಾಡಿ ಮರುದಿನವೇ ಹೆಂಡದಂಗಡಿಗೆ ಹೋದವರಿದ್ದರು. ಹಳೆಯ ಕಳ್ಳನಾದ ಮೆಕಾಲಿಗೆ ಇಂಥವರ ಕಪಟವು ತಿಳಿಯದೆ ಇರಲಿಲ್ಲ. ಆದರೂ ತಾನು ಎಷ್ಟು ಸಲ ಬಿದ್ದೆನೆಂಬ ಲೆಕ್ಕವು ಆತನ ನೆನಪಿನಲ್ಲಿದ್ದುದರಿಂದ, ಇನ್ನೊಬ್ಬನು ಇನ್ನೊಂದು ಸಲ ಬಿದ್ದುದನ್ನು ಆತನು ಕೊನೆಯ ಪತನವೆಂದು ಎಣಿಸಲಿಲ್ಲ.

1882ರಲ್ಲಿ ಮೆಕಾಲಿಯು ವಾಟರ್ ಸ್ಟ್ರೀಟಿನ ಕೆಲಸವನ್ನು ಇತರರಿಗೆ ಒಪ್ಪಿಸಿ, ಅದೇ ನಗರದ 32ನೆಯ ಬೀದಿಯಲ್ಲಿ ಕ್ರಿಮೋರ್ನ್ ಎಂಬ ಎರಡನೆಯ ಆಶ್ರಮವನ್ನು ಸ್ಥಾಪಿಸಿದನು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಸ್ಯಾಮ್ಯುಯೆಲ್ ಹ್ಯಾಡ್ಲಿ ಎಂಬವನು ಅಲ್ಲಿಗೆ ಬಂದನು. ವಿದ್ಯೆಯೂ ಒಳ್ಳೆಯ ಉದ್ಯೋಗವೂ ಇದ್ದವನು ಕುಡಿತದಿಂದ ಸರ್ವಸ್ವವನ್ನೂ ಕಳೆದುಕೊಂಡು, ಮನೆಯಿಲ್ಲದೆ, ಹಲವು ದಿನ ಉಪವಾಸವಿದ್ದು, ಭ್ರಾಂತಿಯಿಂದ ನಡುಗುತ್ತ, ತನ್ನನ್ನು ಕೂಡಿಹಾಕಿರೆಂದು ತಾನೇ ಪೊಲೀಸು ಠಾಣೆಗೆ ಹೋಗಿ ಕೇಳಿಕೊಂಡಿದ್ದನು. ಮೆಕಾಲಿಯ ಬಾಯಿಂದ ಆತನ ಸ್ವಂತ ಕಥೆಯನ್ನು ಕೇಳಿದ ರಾತ್ರಿಯೇ ಹ್ಯಾಡ್ಲಿಯು ಮೊಣಕಾಲೂರಿದನು. ಆ ಮೇಲೆ ಆತನು ಮದ್ಯವನ್ನು ಮುಟ್ಟಲಿಲ್ಲ. 1886ರಲ್ಲಿ ವಾಟರ್ ಸ್ಟ್ರೀಟ್ ಆಶ್ರಮದ ಅಧಿಪತ್ಯವನ್ನು ವಹಿಸಿಕೊಂಡು 1906ರಲ್ಲಿ ತೀರಿಕೊಳ್ಳುವವರೆಗೂ ಆ ಸೇವೆಯಲ್ಲಿಯೇ ಬಾಳಿದನು.

ಅಷ್ಟು ಹೊತ್ತಿಗೆ ಗುರುವು ಇರಲಿಲ್ಲ. ಕ್ಷಯರೋಗವು ಬಹುದಿನಗಳಿಂದ ಮೆಕಾಲಿಯ ದೇಹವನ್ನು ಸವೆಸುತ್ತಿದ್ದಿತು. 1884ರ ಸೆಪ್ಟೆಂಬರ್ 18ರಂದು, ಸುಮಾರು ನಲವತ್ತೈದನೆಯ ವಯಸ್ಸಿನಲ್ಲಿ ಆತನು ದೇಹವನ್ನು ಬಿಟ್ಟನು. ನಗರದ ದೊಡ್ಡ ದೇವಾಲಯಗಳಲ್ಲಿ ಒಂದಾಗಿದ್ದ ಬ್ರಾಡ್‌ವೇ ಟಾಬರ್ನ್ಯಾಕಲ್ಲಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆಯು ನಡೆದಾಗ ಧನಿಕರೂ ಬೀದಿಯ ಬಡವರೂ ಕಿಕ್ಕಿರಿದು ನೆರೆದರು. ಮರಿಯಾ ದೇವಿಯು ಪತಿಯ ವಿಯೋಗದ ನಂತರವೂ ಕ್ರಿಮೋರ್ನ್ ಆಶ್ರಮದ ಸೇವೆಯನ್ನು ಮುಂದುವರಿಸಿದಳು.

ಆತನು ಹಚ್ಚಿದ ದೀಪವು ದೀಪದಿಂದ ದೀಪಕ್ಕೆ ಹತ್ತುತ್ತ ಹೋದ ಬಗೆಯು ಆಶ್ಚರ್ಯಕರವಾದುದು. 1902ರಲ್ಲಿ ಅಮೇರಿಕದ ತತ್ತ್ವಜ್ಞಾನಿಯಾದ ವಿಲಿಯಂ ಜೇಮ್ಸನು ಧಾರ್ಮಿಕ ಅನುಭವಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಹ್ಯಾಡ್ಲಿಯ ಪರಿವರ್ತನೆಯ ವೃತ್ತಾಂತವನ್ನು ಸೇರಿಸಿದನು. 1934ರ ಡಿಸೆಂಬರಿನಲ್ಲಿ ಬಿಲ್ ವಿಲ್ಸನ್ ಎಂಬ ಮದ್ಯವ್ಯಸನಿಯು ನ್ಯೂಯಾರ್ಕಿನ ಕ್ಯಾಲ್ವರಿ ಎಂಬ ಇಂಥದೇ ಒಂದು ಆಶ್ರಮಕ್ಕೆ ಹೋಗಿಬಂದು, ಬಳಿಕ ಆಸ್ಪತ್ರೆಯಲ್ಲಿ ಮಲಗಿರುವಾಗ ಆ ಗ್ರಂಥವನ್ನು ಓದಿದನು. ಮರುವರ್ಷ, 1935ರಲ್ಲಿ, ಆತನು ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬವರೊಡನೆ ಕೂಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಕ್ಕೆ ನಾಂದಿ ಹಾಕಿದನು. ವ್ಯಸನದಿಂದ ಬಿಡಿಸಿಕೊಂಡವನೇ ವ್ಯಸನಿಗೆ ನೆರವಾಗಬೇಕೆಂಬುದು ಆ ಸಂಘದ ಪ್ರಾಣತತ್ತ್ವ. ಅದು ಯಾವ ಮತಕ್ಕೂ ಸೇರಿದುದಲ್ಲ. ಅದನ್ನು ಮೆಕಾಲಿಯು ಸ್ಥಾಪಿಸಿದನೆಂದು ಹೇಳುವುದೂ ಸರಿಯಲ್ಲ. ಆದರೂ ವಾಟರ್ ಸ್ಟ್ರೀಟಿನ ಸಭೆಯ ಛಾಯೆಯು ಅದರಲ್ಲಿ ಕಾಣುವುದು. ಬೆಂಗಳೂರಿನಲ್ಲಿಯೂ ಕರ್ನಾಟಕದ ಇತರ ಊರುಗಳಲ್ಲಿಯೂ ಆ ಸಂಘದ ಸಭೆಗಳು ಇಂದು ಸೇರುತ್ತಿವೆ. ನ್ಯೂಯಾರ್ಕಿನ ಮೂಲ ಆಶ್ರಮವಾದರೋ ಹೆಸರನ್ನೂ ಸ್ಥಳವನ್ನೂ ಬದಲಿಸುತ್ತ ಬಂದು, ಇತ್ತೀಚಿನ ವರ್ಷಗಳಲ್ಲಿ 1879ರಿಂದ ಅದೇ ನಗರದಲ್ಲಿ ಸೇವೆ ಸಲ್ಲಿಸುತ್ತಿರುವ ಬವರಿ ಮಿಷನ್ ಎಂಬ ಸಂಸ್ಥೆಯೊಡನೆ ಒಂದುಗೂಡಿದೆ.

ಇಲ್ಲಿ ಒಂದು ಮಾತನ್ನು ಹೇಳುವುದು ಅವಶ್ಯ. ಮೆಕಾಲಿಯ ಕಾಲದವರು ಕುಡಿತವನ್ನು ಕೇವಲ ಪಾಪವೆಂದು ಬಗೆಯುವುದು ಹೆಚ್ಚಾಗಿದ್ದಿತು. ಅದು ದೇಹವನ್ನೂ ಮೆದುಳನ್ನೂ ಹಿಡಿಯುವ ರೋಗವೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಭ್ರಾಂತಿಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯನ ಆರೈಕೆಯು ಬೇಕು. ಭಕ್ತಿಯು ಔಷಧಕ್ಕೆ ಬದಲಾಗಿ ನಿಲ್ಲುವುದಲ್ಲ. ಆದರೆ ಔಷಧವು ಮುಗಿದು ಮನುಷ್ಯನು ಆಸ್ಪತ್ರೆಯಿಂದ ಹೊರಬಿದ್ದ ದಿನ, ಸಿಂಗ್ ಸಿಂಗಿನ ಬಾಗಿಲಿನ ಹೊರಗೆ ಮೆಕಾಲಿಯು ನಿಂತ ಹಾಗೆ ಒಬ್ಬಂಟಿಯಾಗಿ ನಿಂತರೆ, ಆತನಿಗೆ ಸೂರನ್ನೂ ಕೆಲಸವನ್ನೂ ಬಾಳಿಗೊಂದು ಅರ್ಥವನ್ನೂ ಕೊಡುವವರು ಯಾರು? ಆ ಸ್ಥಾನದಲ್ಲಿ ನಂಬಿಕೆಯುಳ್ಳವರ ಸಮುದಾಯವು ಇಂದಿಗೂ ಅವಶ್ಯವಾಗಿದೆ.

ಸದ್ಭಕ್ತರೇ, ನಮ್ಮ ಓಣಿಗಳಲ್ಲಿಯೂ ಕುಡಿತದಿಂದ ಮನೆಯನ್ನು ಕಳೆದುಕೊಂಡು ಬಸ್ಸು ನಿಲ್ದಾಣದಲ್ಲಿಯೋ ಗುಡಿಯ ಜಗಲಿಯ ಮೇಲೆಯೋ ಮಲಗುವವರಿದ್ದಾರೆ. ಅವರಲ್ಲಿ ಎಷ್ಟೋ ಜನರು ಹಿಂದೆ ಆಣೆಯಿಟ್ಟು ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು. ಇವನ ಪ್ರತಿಜ್ಞೆಗಳನ್ನು ನೋಡಿಯಾಯಿತೆಂದು ಬಂಧುಗಳು ಬೇಸರಗೊಳ್ಳುವುದು ಸಹಜ. ಆ ಬೇಸರದ ಹಿಂದೆ ಹೆಂಡತಿ ಮಕ್ಕಳ ದೊಡ್ಡ ದುಃಖವಿರುವುದನ್ನೂ ಮರೆಯಬಾರದು. ಆದರೆ ಎಷ್ಟನೆಯ ಸಲ ಎದ್ದವನು ನಿಂತೇ ಬಿಡುತ್ತಾನೆಂಬುದನ್ನು ಮೊದಲೇ ಅರಿತವರು ಯಾರೂ ಇಲ್ಲ. ಹೆನ್ರಿ ಲಿಟ್ಲನು ಆ ಲೆಕ್ಕವನ್ನು ಹಾಕುತ್ತ ಕುಳಿತಿದ್ದರೆ ನದಿಯ ಕಳ್ಳನೊಬ್ಬನು ನದಿಯಲ್ಲಿಯೇ ಮುಳುಗಿಹೋಗುತ್ತಿದ್ದನು. ಆತನು ಲೆಕ್ಕವನ್ನು ಬಿಟ್ಟು ಕೋಟಿಗೆ ಕೈಹಾಕಿದುದರಿಂದ ಸಾವಿರಾರು ಮನೆಗಳಲ್ಲಿ ದೀಪ ಹತ್ತಿತು. ಅಂಥ ಕೈಗಳು ನಮ್ಮ ನಾಡಿನಲ್ಲಿಯೂ ಹೆಚ್ಚಲಿ ಎಂದು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುತ್ತೇವೆ.