ಕಲಿಸುವವರಿಗೆ ಕಲಿಸಿದ ತಾಯಿ : ಡಾ॥ ಮೇರಿಯಾ ಮಾಂಟೆಸೊರಿ

ಕೊಡಗಿನ ದಕ್ಷಿಣದ ಅಂಚಿನಲ್ಲಿ, ಬ್ರಹ್ಮಗಿರಿಯ ತಪ್ಪಲಲ್ಲಿರುವ ಕುಟ್ಟ ನನ್ನ ಊರು. ಗಡಿ ದಾಟಿದರೆ ವೈನಾಡು. ಒಂದು ಮಗ್ಗುಲಲ್ಲಿ ನಾಗರಹೊಳೆಯ ಕಾಡು, ಮತ್ತೊಂದು ಮಗ್ಗುಲಲ್ಲಿ ಕಾಫಿ ತೋಟ. ನಮ್ಮ ನೆರೆಯಲ್ಲಿ ಮಾತು ಬಾರದ, ಬುದ್ಧಿಯ ಬೆಳವಣಿಗೆ ನಿಧಾನವಾದ ಹುಡುಗನೊಬ್ಬನಿದ್ದಾನೆ. ಶಾಲೆಯಲ್ಲಿ ಅವನನ್ನು ನೋಡಿಕೊಳ್ಳಲು ತೋಟದ ಲೈನ್ ಮನೆಯಿಂದ ಬರುತ್ತಿದ್ದ ಸಹಾಯಕಿಯನ್ನು ನಾವೆಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಹುಡುಗ ದಿನವೂ ಜೇಬಿನ ತುಂಬ ಕಾಫಿ ಬೀಜ ತಂದು ಬೆಂಚಿನ ಮೇಲೆ ಉರುಳಿಸುತ್ತ ಕೂರುವನು, ಅಕ್ಕ ಅದನ್ನು ಕಿತ್ತುಕೊಳ್ಳುವರು, ಅವನು ಅಳುವನು. ಇದು ನಿತ್ಯದ ಕತೆಯಾಗಿತ್ತು. ಒಮ್ಮೆ ಅಕ್ಕ ಎರಡು ದಿನಗಳ ತರಬೇತಿಗೆ ಹೋಗಿ ಬಂದರು. ಬಂದವರೇ ಎರಡು ಡಬ್ಬಿಗಳನ್ನು ಅವನ ಮುಂದಿಟ್ಟು, ಬೀಜವನ್ನು ಒಂದರಲ್ಲಿ, ಕಲ್ಲಿನ ಹರಳನ್ನು ಇನ್ನೊಂದರಲ್ಲಿ ಹಾಕುವುದನ್ನು ತೋರಿಸಿಕೊಟ್ಟರು. ಅಳು ನಿಂತಿತು. ಆದರೆ ಅದರ ಮುಂದಿನ ಪಾಠವೇನೆಂದು ಅಕ್ಕನಿಗೆ ತಿಳಿಯದು, ಹೇಳಿಕೊಡುವವರೂ ಬರಲಿಲ್ಲ. ಎರಡು ವರ್ಷ ಕಳೆದರೂ ಹುಡುಗ ಅದೇ ಎರಡು ಡಬ್ಬಿಗಳ ಮುಂದೆ ಕುಳಿತಿದ್ದನು.

ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಡಾ॥ ಮೇರಿಯಾ ಮಾಂಟೆಸೊರಿಯವರ ಜೀವನ ನೆನಪಾಗುತ್ತದೆ. ಅವರ ಹೆಸರನ್ನು ಪಟ್ಟಣಗಳ ಶಿಶುವಿಹಾರಗಳ ಹಲಗೆಗಳ ಮೇಲೆ ನಾವೆಲ್ಲರೂ ನೋಡಿದ್ದೇವೆ. ಆದರೆ ಅವರ ಕೆಲಸ ಮೊದಲಾದುದು ಸಿರಿವಂತರ ಮಕ್ಕಳ ನಡುವೆ ಅಲ್ಲ. ಲೋಕವು ಕೈಬಿಟ್ಟ ಮಕ್ಕಳ ನಡುವೆ, ಅವರನ್ನು ಕಾಯುವ ಪರಿಚಾರಿಕೆಯರ ನಡುವೆ, ಎಂಬುದನ್ನು ಬಲ್ಲವರು ಕೆಲವರೇ.

ಮೇರಿಯಾ ೧೮೭೦ನೆಯ ಇಸವಿ ಆಗಸ್ಟ್ ೩೧ರಂದು ಇಟಲಿಯ ಕಿಯಾರವಲ್ಲೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದಳು. ತಂದೆ ಅಲೆಸ್ಸಾಂಡ್ರೊ ಸರಕಾರದ ಅಧಿಕಾರಿ. ಹಳೆಯ ಕಟ್ಟಳೆಗಳ ಮನುಷ್ಯ. ತಾಯಿ ರೆನಿಲ್ದೆ ಓದಿನಲ್ಲಿ ಅಕ್ಕರೆಯುಳ್ಳವಳು. ಮಗಳ ವಿದ್ಯೆಗಾಗಿ ರೋಮ್ ನಗರದ ವಾಸ ಅನುಕೂಲವಾಯಿತು. ಹುಡುಗಿಯರು ಹೆಚ್ಚೆಂದರೆ ಉಪಾಧ್ಯಾಯಿನಿಯರಾಗಬಹುದೆಂದು ಎಲ್ಲರೂ ನಂಬಿದ್ದ ಕಾಲವದು. ಅದೊಂದನ್ನು ಬಿಟ್ಟು ಬೇರೆ ಏನಾದರೂ ಆಗುವೆನೆಂದು ಹಟ ಹಿಡಿದ ಮೇರಿಯಾ ಹುಡುಗರ ತಾಂತ್ರಿಕ ಶಾಲೆಯನ್ನು ಸೇರಿದಳು. ಅನಂತರ ತಂದೆಗೆ ಇಷ್ಟವಿಲ್ಲದಿದ್ದರೂ ವೈದ್ಯ ವಿದ್ಯೆಯನ್ನು ಆರಿಸಿಕೊಂಡಳು. ಗಂಡಸರ ಜೊತೆಯಲ್ಲಿ ಶವಚ್ಛೇದನ ಮಾಡುವುದು ಹೆಣ್ಣಿಗೆ ತಕ್ಕುದಲ್ಲವೆಂದು, ಎಲ್ಲರೂ ಹೋದ ಮೇಲೆ ಒಬ್ಬಳೇ ಆ ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡಬೇಕಾಯಿತು. ೧೮೯೬ರಲ್ಲಿ ಆಕೆ ಪದವೀಧರೆಯಾಗಿ ಹೊರಬಂದಾಗ ಇಟಲಿಯಲ್ಲಿ ಮಹಿಳಾ ವೈದ್ಯರು ಬೆರಳೆಣಿಕೆಯಷ್ಟೇ ಇದ್ದರು. ಉಪಾಧ್ಯಾಯಿನಿಯಾಗಲೊಲ್ಲೆನೆಂದ ಹುಡುಗಿ ಮುಂದೆ ಲೋಕದ ಉಪಾಧ್ಯಾಯಿನಿಯರಿಗೆಲ್ಲ ಗುರುವಾದುದು ವಿಧಿಯ ವಿನೋದವೇ ಸರಿ.

ಪದವಿಯ ತರುವಾಯ ಅವರು ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸೇವೆಗೆ ನಿಂತರು. ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡುವುದು ಅಲ್ಲಿಯ ಕೆಲಸದ ಒಂದು ಭಾಗ. ಅಂದು ಮಂದಮತಿಗಳೆಂದು ಕರೆಯಲ್ಪಡುತ್ತಿದ್ದ ಮಕ್ಕಳನ್ನು ವಯಸ್ಕ ರೋಗಿಗಳ ಜೊತೆಯಲ್ಲಿಯೇ ಕೂಡಿಹಾಕುವ ವಾಡಿಕೆಯಿತ್ತು. ಅಂಥದೊಂದು ಕಡೆ ಮಕ್ಕಳನ್ನು ಕಾಯುತ್ತಿದ್ದ ಹೆಂಗಸು ಜುಗುಪ್ಸೆಯಿಂದ ದೂರಿದಳಂತೆ: ಊಟವಾದ ಮೇಲೂ ಈ ಮಕ್ಕಳು ನೆಲಕ್ಕೆ ಬಿದ್ದು ರೊಟ್ಟಿಯ ತುಣುಕುಗಳನ್ನು ಹೆಕ್ಕುತ್ತಾರೆ, ಇವರ ಹೊಟ್ಟೆಬಾಕತನಕ್ಕೆ ಕೊನೆಯೇ ಇಲ್ಲ ಎಂದು. ಮಾಂಟೆಸೊರಿ ಸುತ್ತಲೂ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಮಗುವಿನ ಕೈಗೆ ಸಿಕ್ಕುವಂಥ ಒಂದು ವಸ್ತುವೂ ಆ ಕೋಣೆಯಲ್ಲಿರಲಿಲ್ಲ. ಹಸಿದಿದ್ದುದು ಹೊಟ್ಟೆಯಲ್ಲ, ಕೈ ಎಂಬುದು ಅವರಿಗೆ ಹೊಳೆಯಿತು. ನೋಟವೊಂದೇ, ಕಾಯುವವಳಿಗೆ ಕಂಡದ್ದು ದೋಷ, ವೈದ್ಯೆಗೆ ಕಂಡದ್ದು ಬೇಡಿಕೆ. ಆ ಹೆಂಗಸು ಕೆಟ್ಟವಳಾಗಿರಬೇಕಿಲ್ಲ. ನೋಡುವುದು ಹೇಗೆಂದು ಆಕೆಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಅಲ್ಲಿಂದ ಮಾಂಟೆಸೊರಿಯವರು ಹಿಂದಿನವರ ಗ್ರಂಥಗಳನ್ನು ಹುಡುಕಿಕೊಂಡು ಹೊರಟರು. ಕಾಡಿನಲ್ಲಿ ಸಿಕ್ಕಿದ ಬಾಲಕನೊಬ್ಬನಿಗೆ ವರ್ಷಗಟ್ಟಲೆ ಪಾಠ ಹೇಳಿದ ಫ್ರಾನ್ಸಿನ ವೈದ್ಯ ಇಟಾರ್, ಆತನ ಶಿಷ್ಯನಾಗಿ ಇಂಥ ಮಕ್ಕಳಿಗೆಂದೇ ಶಾಲೆ ನಡೆಸಿದ ಸೆಗ್ವೆನ್, ಇವರಿಬ್ಬರ ಬರಹಗಳನ್ನು ಒಂದೊಂದು ಮಾತನ್ನೂ ತೂಗಿ ನೋಡಬೇಕೆಂದು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡರು. ಮಕ್ಕಳಿಗೆ ಉಪಕರಣ ಕೊಟ್ಟರೆ ಸಾಲದು, ಅವರೊಡನೆ ಇರುವವರ ದನಿ, ನಡೆ, ನಿಲುವು ಎಲ್ಲವೂ ಹದಗೊಳ್ಳಬೇಕು ಎಂಬುದು ಸೆಗ್ವೆನ್‌ನ ವಿಚಾರವಾಗಿತ್ತು. ಅದು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ೧೮೯೮ರಲ್ಲಿ ಟ್ಯೂರಿನ್ ನಗರದ ಶಿಕ್ಷಣ ಸಮ್ಮೇಳನದಲ್ಲಿ, ಈ ಮಕ್ಕಳ ಸಮಸ್ಯೆ ಔಷಧದ್ದಕ್ಕಿಂತ ಹೆಚ್ಚಾಗಿ ಶಿಕ್ಷಣದ್ದು ಎಂದು ಅವರು ವಾದಿಸಿದರು.

ಆ ವಾದದ ಫಲವಾಗಿ ೧೯೦೦ರಲ್ಲಿ ರೋಮಿನಲ್ಲಿ ಒಂದು ವಿಶೇಷ ಶಾಲೆ ತೆರೆಯಿತು. ಮಾಂಟೆಸೊರಿಯವರೂ ಸಹೋದ್ಯೋಗಿ ಡಾ॥ ಮಾಂಟೆಸಾನೊ ಅವರೂ ಅದರ ನಿರ್ದೇಶಕರಾದರು. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಅದು ಮೊದಲಿಗೆ ಉಪಾಧ್ಯಾಯರನ್ನು ಸಿದ್ಧಪಡಿಸುವ ಶಾಲೆ. ಅದಕ್ಕೆ ಹೊಂದಿಕೊಂಡಂತೆ ಮಕ್ಕಳ ತರಗತಿಯಿತ್ತು. ಬೆಳಗಿನ ಎಂಟರಿಂದ ಸಂಜೆಯ ಏಳರ ತನಕ ಮಾಂಟೆಸೊರಿಯವರು ಮಕ್ಕಳ ಜೊತೆಗಿರುತ್ತಿದ್ದರು. ರಾತ್ರಿ ಆ ದಿನ ಕಂಡುದನ್ನೆಲ್ಲ ಬರೆದು, ಹೋಲಿಸಿ, ಮರುದಿನಕ್ಕೆ ಉಪಕರಣಗಳನ್ನು ಅಣಿಮಾಡುತ್ತಿದ್ದರು. ಅಲ್ಲಿಯ ಕೆಲವು ಮಕ್ಕಳು ಓದುಬರಹ ಕಲಿತು, ಸಾಮಾನ್ಯ ಮಕ್ಕಳು ಕೂರುವ ಪರೀಕ್ಷೆಯಲ್ಲಿಯೇ ತೇರ್ಗಡೆಯಾದರು. ಜನ ಬೆರಗಾದರು. ಮಾಂಟೆಸೊರಿಯವರಿಗೆ ಮಾತ್ರ ಬೇರೊಂದು ಚಿಂತೆ ಹತ್ತಿತು: ಈ ಮಕ್ಕಳು ಇಷ್ಟನ್ನು ಕಲಿಯಬಲ್ಲರಾದರೆ, ನೆಟ್ಟಗಿರುವ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಹಿಂದೆ ಎಳೆಯುತ್ತಿರಬೇಕು ಎಂಬುದು.

ಅವರ ಬಾಳಿನಲ್ಲಿ ನೋವೂ ಇತ್ತು. ೧೮೯೮ರಲ್ಲಿ ಮಾಂಟೆಸಾನೊ ಅವರಿಂದ ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದನು. ವಿವಾಹವಾಗಲಿಲ್ಲ, ಆ ಕಾಲದ ಸಮಾಜಕ್ಕೆ ಅಂಜಿ ಕೂಸನ್ನು ಹಳ್ಳಿಯ ಬೇರೊಂದು ಮನೆಯಲ್ಲಿ ಬೆಳೆಸಲು ಬಿಡಬೇಕಾಯಿತು. ೧೯೦೧ರಲ್ಲಿ ಅವರು ಆ ಶಾಲೆಯನ್ನೂ ತೊರೆದರು. ಊರ ಮಕ್ಕಳಿಗೆ ತಾಯಿಯಾದವರು ತಮ್ಮ ಮಗನಿಗೆ ಬಹುಕಾಲ ಬರಿಯ ಅತಿಥಿಯಾಗಿ ಉಳಿದರು. ಮಗನು ತಾಯಿಯ ಬಳಿಗೆ ಬಂದು ಸೇರುವ ವೇಳೆಗೆ ಹುಡುಗನಾಗಿ ಬೆಳೆದಿದ್ದನು. ಆಮೇಲೆ ಕೊನೆಯವರೆಗೂ ಆಕೆಯ ಬಲಗೈಯಾಗಿ ನಿಂತನು.

೧೯೦೭ನೆಯ ಜನವರಿ ೬ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆ ಪ್ರಾರಂಭವಾಯಿತು. ಹೆತ್ತವರು ಕೂಲಿಗೆ ಹೋದಾಗ ಗೋಡೆ ಕೆರೆಯುತ್ತ ಅಲೆಯುತ್ತಿದ್ದ ಸುಮಾರು ಐವತ್ತು ಮಕ್ಕಳು ಅಲ್ಲಿ ಸೇರಿದರು. ಅವರನ್ನು ನೋಡಿಕೊಳ್ಳಲು ಸಿಕ್ಕಿದ್ದು ಉಪಾಧ್ಯಾಯಿನಿಯ ಶಿಕ್ಷಣವಿಲ್ಲದ ಒಬ್ಬ ತರುಣಿ. ಉಪಕರಣಗಳನ್ನು ಬಳಸುವುದನ್ನು ಆಕೆಗೆ ತೋರಿಸಿ, ಕಂಡುದನ್ನು ಕಂಡಂತೆ ತಮಗೆ ತಿಳಿಸಬೇಕೆಂದು ಮಾಂಟೆಸೊರಿಯವರು ಹೇಳಿದ್ದರು. ಒಂದು ದಿನ ಆ ತರುಣಿ ತಡವಾಗಿ ಬಂದಾಗ, ಬೀಗ ಹಾಕಲು ಮರೆತಿದ್ದ ಕಪಾಟನ್ನು ಮಕ್ಕಳು ತೆರೆದು, ತಮಗೆ ಬೇಕಾದ ವಸ್ತುಗಳನ್ನು ತೆಗೆದುಕೊಳ್ಳುತ್ತಿದ್ದರು. ಆಕೆಗೆ ಅದು ಕಳ್ಳತನವೆನಿಸಿತು. ಮಾಂಟೆಸೊರಿಯವರಿಗೆ ಅದು ಆಯ್ಕೆಯೆನಿಸಿತು. ಅಂದಿನಿಂದ ಎತ್ತರದ ಬೀರು ಹೋಗಿ, ಮಕ್ಕಳ ಕೈಗೆಟಕುವ ತಗ್ಗಿನ ಕಪಾಟು ಬಂದಿತು. ರೊಟ್ಟಿಯ ತುಣುಕಿನ ಪಾಠವೇ ಇಲ್ಲಿ ಮರಳಿ ಬಂದುದನ್ನು ವಾಚಕರು ಗಮನಿಸಬೇಕು. ಆದರೆ ಒಂದು ವ್ಯತ್ಯಾಸವುಂಟು: ಹುಚ್ಚಾಸ್ಪತ್ರೆಯ ಹೆಂಗಸಿನೊಡನೆ ಮತ್ತೆ ಮತ್ತೆ ಕುಳಿತು ಮಾತನಾಡುವವರು ಯಾರೂ ಇರಲಿಲ್ಲ, ಈ ತರುಣಿಗೆ ಅಂಥವರೊಬ್ಬರಿದ್ದರು.

ವರದಿ ಕೇಳುವುದು, ಒಟ್ಟಿಗೆ ನೋಡುವುದು, ತಿದ್ದುವುದು, ಪುನಃ ನೋಡುವುದು: ಈ ಸುತ್ತೇ ಅವರ ತರಬೇತಿಯ ತಿರುಳಾಯಿತು. ೧೯೦೯ರಲ್ಲಿ ಮೊದಲನೆಯ ತರಬೇತಿ ಶಿಬಿರ ನಡೆಯಿತು. ಅದೇ ವರ್ಷ ಅವರ ಗ್ರಂಥವೂ ಹೊರಬಂದಿತು. ೧೯೧೩ರಲ್ಲಿ ರೋಮಿನಲ್ಲಿ ನಡೆದ ಅಂತಾರಾಷ್ಟ್ರೀಯ ಶಿಬಿರಕ್ಕೆ ನಾನಾ ದೇಶಗಳವರು ಬಂದರು. ಶಿಬಿರಕ್ಕೆ ಬಂದವರು ಉಪನ್ಯಾಸ ಕೇಳಿ ಎದ್ದು ಹೋಗುವಂತಿರಲಿಲ್ಲ. ಉಪಕರಣಗಳನ್ನು ತಮ್ಮ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಬೇಕು, ಮಕ್ಕಳ ನಡುವೆ ಸುಮ್ಮನೆ ಕುಳಿತು ನೋಡಿ ಬರೆಯಬೇಕು. ಇತರರಿಗೆ ತರಬೇತಿ ಕೊಡುವ ಹಕ್ಕನ್ನು ಅವರು ಬಹುಕಾಲ ತಮ್ಮ ಮುಷ್ಟಿಯಲ್ಲಿಯೇ ಇಟ್ಟುಕೊಂಡರೆಂಬ ಆಕ್ಷೇಪಣೆ ಉಂಟು. ಅದು ಪೂರ್ತಿ ಸುಳ್ಳಲ್ಲ. ಇದರಿಂದ ಪದ್ಧತಿಯ ಶುದ್ಧಿ ಉಳಿಯಿತು, ಹರಹು ಕುಗ್ಗಿತು.

ಮುಸೊಲಿನಿಯ ಸರಕಾರದೊಡನೆ ಹೊಂದಾಣಿಕೆಯಾಗದೆ ೧೯೩೪ರಲ್ಲಿ ಅವರು ಸ್ವದೇಶವನ್ನು ಬಿಟ್ಟರು. ೧೯೩೯ರ ನವೆಂಬರಿನಲ್ಲಿ, ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ, ೬೯ರ ವಯಸ್ಸಿನಲ್ಲಿ ಮಗನೊಡನೆ ಮದರಾಸಿನ ಅಡಯಾರಿಗೆ ಬಂದಿಳಿದರು. ಸುಮಾರು ೩೦೦ ಮಂದಿ ಶಿಬಿರಕ್ಕೆ ಸೇರಿದರು. ೧೯೪೦ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿಯಿತು. ಶತ್ರುದೇಶದವನೆಂದು ಮಾರಿಯೊನನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ತಾಯಿಯ ೭೦ನೆಯ ಹುಟ್ಟುಹಬ್ಬದಂದು ಅವನ ಬಿಡುಗಡೆಯಾಯಿತು. ಯುದ್ಧದ ವರ್ಷಗಳಲ್ಲಿ ಅಡಯಾರು, ಕೊಡೈಕಾನಲ್ ಮೊದಲಾದ ಕಡೆ ಶಿಬಿರಗಳು ನಡೆದವು. ಅವರಿಂದ ಶಿಕ್ಷಣ ಪಡೆದ ಭಾರತೀಯರು ಸಾವಿರಕ್ಕೂ ಮಿಕ್ಕಿದ್ದರು. ಅವರು ಇಟಾಲಿಯನ್ನಿನಲ್ಲಿ ಮಾತನಾಡುವರು, ಮಾರಿಯೊ ಇಂಗ್ಲಿಷಿಗೆ ತಿರುಗಿಸುವನು. ಎಪ್ಪತ್ತು ದಾಟಿದ ಗುರು ಇಲ್ಲಿಯ ಎಳೆಗೂಸುಗಳನ್ನು ಕಂಡು ತಮ್ಮ ವಿಚಾರಗಳನ್ನು ಮತ್ತೆ ಬೆಳೆಸಿಕೊಂಡರು, ಕಲಿಸುತ್ತಲೇ ಕಲಿತರು. ೧೯೫೨ನೆಯ ಮೇ ೬ರಂದು ಹಾಲೆಂಡಿನಲ್ಲಿ ಅವರು ತೀರಿಕೊಂಡರು.

ಅವರ ವಿಚಾರಗಳು ನಮ್ಮ ದೇಶದಲ್ಲಿ ಬಡವರ ಅಂಗಳಕ್ಕೂ ಇಳಿದವು. ಗುಜರಾತಿನ ಗಿಜುಭಾಯಿ ಬಧೇಕಾ ಅವರ ಜೊತೆಯಲ್ಲಿ ದುಡಿದ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿ ಎಂಬ ಊರಿನಲ್ಲಿ, ದುಬಾರಿ ಉಪಕರಣಗಳ ಬದಲು ಕಲ್ಲು, ಎಲೆ, ಬೀಜಗಳಿಂದಲೇ ಪಾಠ ನಡೆಸಿದರು. ೧೯೭೫ರಲ್ಲಿ ನಮ್ಮ ರಾಜ್ಯದ ತಿ. ನರಸೀಪುರದಲ್ಲಿಯೂ ಮೊದಲಾದ ಅಂಗನವಾಡಿಗಳ ಹಿಂದೆ ಆ ಅನುಭವವಿದೆ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಶೇಷ ಶಿಕ್ಷಣದ ವ್ಯಾಸಂಗವುಂಟು. ನಮ್ಮ ಜಿಲ್ಲೆಯ ಸುಂಟಿಕೊಪ್ಪದಲ್ಲಿ ಸ್ವಸ್ಥ ಎಂಬ ವಿಶೇಷ ಶಾಲೆಯುಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಉಪಾಧ್ಯಾಯರಿಗೆ ಮಾತ್ರವಲ್ಲದೆ, ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಸಿಬ್ಬಂದಿಗೂ ತರಬೇತಿ ಕೊಡಬೇಕೆಂದು ವಿಧಿಸಿದೆ.

ಕಾಯಿದೆಯ ಮಾತು ಕುಟ್ಟದ ಬೆಂಚಿನ ತನಕ ಬರಬೇಕಾದರೆ ಒಂದು ಸಲದ ಶಿಬಿರ ಸಾಲದು. ಮಗು ಇಂದು ಇದ್ದಂತೆ ನಾಳೆ ಇರುವುದಿಲ್ಲ. ಆದುದರಿಂದ ಅದರ ಜೊತೆಗಿರುವವರ ಕಲಿಕೆಯೂ ನಿಲ್ಲುವಂತಿಲ್ಲ. ಮಾಂಟೆಸೊರಿಯವರ ಜೀವನದಿಂದ ನಾನು ಗ್ರಹಿಸಿದ ಸಾರವಿಷ್ಟೆ. ತಿಂಗಳಿಗೊಮ್ಮೆಯಾದರೂ ಬಲ್ಲವರೊಬ್ಬರು ಬಂದು ಅಕ್ಕನ ಪಕ್ಕದಲ್ಲಿ ಕುಳಿತು, ಹುಡುಗ ಏನು ಮಾಡಿದನೆಂದು ಕೇಳಿದ್ದರೆ, ಮೂರನೆಯ ಡಬ್ಬಿ ಎಂದೋ ಬರುತ್ತಿತ್ತು. ನಮ್ಮ ಕಾಲೇಜಿನಿಂದ ವರ್ಷವೂ ಹಲವರು ಉಪಾಧ್ಯಾಯ ವೃತ್ತಿಗೆ ಹೋಗುತ್ತಾರೆ. ಅವರು ಹೋದ ಶಾಲೆಯಲ್ಲಿ ಅಂಥ ಸಹಾಯಕಿಯೊಬ್ಬರಿದ್ದರೆ, ಆಕೆಯನ್ನು ಬರಿಯ ಆಯಾ ಎಂದು ಎಣಿಸದೆ, ಸಂಜೆ ಹತ್ತು ನಿಮಿಷ ಆಕೆಯೊಡನೆ ಕುಳಿತು ಆ ದಿನ ಕಂಡುದನ್ನು ಕೇಳುವ ರೂಢಿಯನ್ನು ಇಟ್ಟುಕೊಳ್ಳಲಿ. ಈ ರಜೆಯಲ್ಲಿ ಊರಿಗೆ ಹೋದಾಗ ನಾನೂ ಅಕ್ಕನನ್ನು ಕಾಣಬೇಕೆಂದಿದ್ದೇನೆ.